ಆಕಾಶ ಬೇಕಾದರೆ ಗದ್ದೆಗೆ ಇಳಿಯಿರಿ

ಸಂಜೆ ಹೊತ್ತು ಮುಳುಗುವಾಗ ಮಡಿಕೇರಿಯ ರಾಜಾಸೀಟಿನಲ್ಲಿ ಒಂದು ತಮಾಷೆ ನೋಡಬಹುದು. ಸೂರ್ಯ ಬೆಟ್ಟದ ಹಿಂದೆ ಜಾರಿದ್ದೇ ತಡ, ಕಂಬಿಗೆ ಒರಗಿ ನಿಂತವರೆಲ್ಲ ಫೋನ್ ಜೇಬಿಗೆ ಹಾಕಿ ಚುರುಮುರಿ ಕಡೆ ತಿರುಗುತ್ತಾರೆ. ಅಸಲಿ ಬಣ್ಣ ಬರುವುದು ಅದಾದ ಮೇಲೆ! ಹತ್ತು ಹದಿನೈದು ನಿಮಿಷ ಕಾದರೆ ಮೋಡದ ಹೊಟ್ಟೆ ಕೆಂಪಾಗುತ್ತದೆ, ಆಮೇಲೆ ನೇರಳೆ, ಆಮೇಲೆ ನೀಲಿ. ಅಷ್ಟು ಹೊತ್ತಿಗೆ ಅಲ್ಲಿ ಉಳಿದಿರುವವರು ಇಬ್ಬರೋ ಮೂವರೋ. ನಾನೂ ಎಷ್ಟೋ ವರ್ಷ ಚುರುಮುರಿ ಪಾರ್ಟಿಯೇ. ಈಗ ಕೊನೆಗೆ ಹೊರಡುವವರ ಪೈಕಿ ಸೇರಿದ್ದೇನೆ. ಆ ಆಕಾಶವನ್ನು ಫೋಟೋದಲ್ಲಿ ಹಿಡಿಯುವುದು ಹೇಗೆ ಅನ್ನುವುದೇ ಇಲ್ಲಿನ ಮಾತು.

ಮೊದಲು ಪಡುವಣ ನೋಡಿ

ಬಣ್ಣದ ಆಕಾಶಕ್ಕೆ ಮೋಡ ಬೇಕೇ ಬೇಕು. ಆದರೆ ಎಲ್ಲ ಮೋಡವೂ ಕೆಲಸಕ್ಕೆ ಬರುವುದಿಲ್ಲ. ನೆತ್ತಿಯ ಮೇಲೆ ಹತ್ತಿ ಹಿಂಜಿದ ಹಾಗೆ ಎತ್ತರದ ಮೋಡ ಇರಬೇಕು, ಪಡುವಣದ ಅಂಚಿನಲ್ಲಿ ಒಂದು ಸಣ್ಣ ಸಂದಿ ಇರಬೇಕು. ಇಳಿಯುವ ಸೂರ್ಯನ ಬೆಳಕು ಆ ಸಂದಿಯಿಂದ ನುಗ್ಗಿ ಮೋಡಕ್ಕೆ ಕೆಳಗಿನಿಂದ ಬಡಿಯುತ್ತದೆ. ಪಡುವಣದಲ್ಲಿ ದಪ್ಪ ಮೋಡ ಗೋಡೆ ಕಟ್ಟಿದ್ದರೆ ಮನೆಯಲ್ಲೇ ಕಾಫಿ ಕುಡಿಯುವುದು ವಾಸಿ. ವಿಂಡಿ ಆ್ಯಪ್‌ನಲ್ಲಿ ಕೆಳಗಿನ, ನಡುವಿನ, ಮೇಲಿನ ಮೋಡಗಳನ್ನು ಬೇರೆ ಬೇರೆಯಾಗಿ ನೋಡಬಹುದು. ಮಧ್ಯಾಹ್ನವೇ ಒಮ್ಮೆ ನೋಡಿಕೊಂಡರೆ ಸುಮ್ನೆ ಪೆಟ್ರೋಲ್ ಸುಡುವುದು ತಪ್ಪುತ್ತದೆ. ಕೊಡಗಿನ ಮೋಡ ಆ್ಯಪ್ ಮಾತು ಕೇಳುವುದು ಅಷ್ಟಕ್ಕಷ್ಟೇ, ಅದು ಬೇರೆ ಮಾತು.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಹೂಕೋಸಿನಂತೆ ಗುಡುಗು ಮೋಡ ಏಳುತ್ತದೆ. ನೋಡಲು ಚೆಂದ, ಆದರೆ ಗುಡುಗು ಕೇಳಿಸಿದ ಮೇಲೆ ಮಾಂದಲಪಟ್ಟಿಯಂಥ ಬೋಳು ಬೆಟ್ಟದ ಮೇಲೆ ನಿಲ್ಲಬೇಡಿ. ಡಿಸೆಂಬರ್, ಜನವರಿಯಲ್ಲಿ ಸಂಜೆಗಿಂತ ಬೆಳಗ್ಗೆ ಲಾಭ. ಕಣಿವೆಯಲ್ಲಿ ಮಂಜು ನಿಂತು ಬೆಟ್ಟದ ತಲೆಗಳು ಮಾತ್ರ ಕಾಣುತ್ತವೆ. ಇನ್ನು ಹೊತ್ತು ಮುಳುಗುವ ಸಮಯ. ಜುಲೈನಲ್ಲಿ ಹೆಚ್ಚುಕಡಿಮೆ ಏಳು ಗಂಟೆ, ನವೆಂಬರ್‌ನಲ್ಲಿ ಆರರ ಆಸುಪಾಸು. ಅರ್ಧ ಗಂಟೆ ಮುಂಚೆ ಜಾಗದಲ್ಲಿರಿ.

ಆಮೇಲೆ ಬೆಳಕು ಇಳಿಸಿ

ಕಣ್ಣಿಗೆ ಅಷ್ಟು ಚೆಂದ ಕಂಡ ಆಕಾಶ ಫೋನಿನಲ್ಲಿ ಬಿಳಿಚಿಕೊಂಡು ಬರುತ್ತದೆ, ಅಲ್ವಾ? ಫೋಟೋದ ಮುಕ್ಕಾಲು ಪಾಲು ಕಪ್ಪು ಕಾಡು ಇದ್ದರೆ ಕ್ಯಾಮೆರಾ ಅದನ್ನು ಬೆಳಗಿಸಲು ಹೋಗುತ್ತದೆ. ಆಗ ಆಕಾಶ ಸುಟ್ಟುಹೋಗುತ್ತದೆ. ಹಾಗಾಗಿ ಆಕಾಶದ ಹೊಳೆಯುವ ಭಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ ಲಾಕ್ ಆಗುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಬಂದರೆ ಅದನ್ನು ಕೆಳಗೆ ಎಳೆಯಿರಿ. ಮೋಡದ ಅಂಚುಗಳು ಸ್ಪಷ್ಟವಾಗುವವರೆಗೆ ಎಳೆಯಿರಿ, ನೆಲ ಕಪ್ಪಾದರೆ ಆಗಲಿ. ಕಪ್ಪಾದದ್ದನ್ನು ಆಮೇಲೆ ಸ್ವಲ್ಪ ಎತ್ತಬಹುದು, ಬಿಳಿಯಾಗಿ ಸುಟ್ಟದ್ದು ಮತ್ತೆ ಬರುವುದಿಲ್ಲ.

ಕ್ಯಾಮೆರಾ ಇದ್ದವರು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ) ಇಟ್ಟು ಶುರು ಮಾಡಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಸಂಜೆಯ ಕೆಂಪನ್ನು ಅದು ತಪ್ಪು ಅಂದುಕೊಂಡು ತಿದ್ದಿಬಿಡುತ್ತದೆ. ಡೇಲೈಟ್ ಅಥವಾ ಕ್ಲೌಡಿಗೆ ಇಡಿ.

ನೀರಿನ ಹತ್ತಿರ ಬಗ್ಗಿ

ನನ್ನನ್ನು ಕೇಳಿದರೆ ಕೊಡಗಿನ ಒಳ್ಳೆಯ ವ್ಯೂ ಪಾಯಿಂಟ್ ಬೆಟ್ಟದ ಮೇಲಿಲ್ಲ, ಗದ್ದೆಯಲ್ಲಿದೆ. ಜುಲೈ, ಆಗಸ್ಟ್‌ನಲ್ಲಿ ಉತ್ತು ನೀರು ನಿಲ್ಲಿಸಿದ ದಿನದಿಂದ ನಾಟಿಯ ಪೈರು ತುಂಬಿಕೊಳ್ಳುವವರೆಗೆ ಪ್ರತಿ ಗದ್ದೆಯೂ ಒಂದು ಕನ್ನಡಿ. ಕೆಸರು ತಳಕ್ಕೆ ಕೂತು ನೀರು ತಿಳಿಯಾದ ಗದ್ದೆ ಹುಡುಕಿ. ತಳ ಕಪ್ಪಗಿದ್ದಷ್ಟೂ ಬಿಂಬ ಗಟ್ಟಿಯಾಗಿ ಬೀಳುತ್ತದೆ. ಗಾಳಿ ಎದ್ದರೆ ಕನ್ನಡಿ ಒಡೆಯುತ್ತದೆ. ಅದಕ್ಕೇ ಬೆಳಗ್ಗೆ ಏಳರೊಳಗೆ ಹೋಗಿ, ಇಲ್ಲವೇ ಮಳೆ ಬಿಟ್ಟ ಕೂಡಲೇ ಹೋಗಿ. ಗದ್ದೆಯವರನ್ನು ಒಂದು ಮಾತು ಕೇಳಿ ಇಳಿಯಿರಿ.

ಈಗ ಮುಖ್ಯ ಕೆಲಸ. ನಿಂತು ತೆಗೆಯಬೇಡಿ. ನಿಂತರೆ ಕಾಲ ಬುಡದ ಕೆಸರೇ ಜಾಸ್ತಿ ಕಾಣುತ್ತದೆ. ಏರಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಫೋನನ್ನು ತಲೆಕೆಳಗಾಗಿ ಹಿಡಿಯಿರಿ. ಲೆನ್ಸ್ ಈಗ ಕೆಳಗೆ ಬಂತು, ನೀರಿನಿಂದ ಎರಡೇ ಬೆರಳು ಮೇಲೆ. ನೋಟ ನೀರಿಗೆ ಓರೆಯಾದಷ್ಟೂ ನೀರು ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ. ಹತ್ತಡಿಯ ಗದ್ದೆ ಕೆರೆಯಾಗಿಬಿಡುತ್ತದೆ. ಮೇಲೆ ಮೋಡ, ಕೆಳಗೆ ಮೋಡ, ನಡುವೆ ಒಂದು ಸಾಲು ಸಿಲ್ವರ್ ಓಕ್.

ಕಳೆದ ಮಳೆಗಾಲದಲ್ಲಿ ನಾನು ಹೀಗೆ ಮೂಗು ನೀರಿಗೆ ತಾಗುವಷ್ಟು ಬಗ್ಗಿದ್ದೆ. ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಅಕ್ಕ ಒಬ್ಬರು ಸೊಂಟ ನೇರ ಮಾಡಿಕೊಂಡು ಕೇಳಿದರು, “ಏನು ಬಿದ್ದೋಯ್ತು ಸಾರ್?” ಆಕಾಶ ತೆಗೀತಿದ್ದೀನಿ ಅಕ್ಕ ಅಂದೆ. ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪೈರಿನ ಕಟ್ಟು ಬಿಚ್ಚಿದರು. ಆ ಹೊತ್ತಿಗೆ ಒಂದು ಜಿಗಣೆ ನನ್ನ ಮೊಣಕಾಲು ದಾಟಿತ್ತು. ಉಪ್ಪಿನ ಪೊಟ್ಟಣ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ಗದ್ದೆ ಇಲ್ಲದವರಿಗೆ ತೋಟದ ಕೆರೆ ಇದೆ, ಕಣದಲ್ಲಿ ನಿಂತ ಮಳೆನೀರೂ ಸಾಕು. ದೊಡ್ಡ ನೀರೇ ಬೇಕು ಅಂದರೆ ಚಿಕ್ಲಿಹೊಳೆ. ಅಲ್ಲಿ ಜಲಾಶಯ ತುಂಬಿದಾಗ ಅರ್ಧ ಬಳೆಯಂಥ ಕೋಡಿಯ ಮೇಲಿಂದ ನೀರು ಒಳಕ್ಕೆ ಸುರಿಯುತ್ತದೆ, ಸಂಜೆ ಬೆಳಕು ಅದರ ಅಂಚಿನಲ್ಲಿ ಹೊಳೆಯುತ್ತದೆ. ಆದರೆ ಕತ್ತಲಾಗುವವರೆಗೆ ಕೂರಬೇಡಿ. ಆ ಕಡೆ ಆನೆ ಓಡಾಟ ಉಂಟು. ನೀಲಿ ಬೆಳಕಿನ ಫೋಟೋ ಮನೆ ಅಂಗಳದಿಂದಲೇ ತೆಗೆದರಾಯಿತು.

ಜಲಪಾತಕ್ಕೆ ಹೋದರೆ

ಅಬ್ಬಿ, ಇರ್ಪು, ಮಲ್ಲಳ್ಳಿ ಯಾವುದೇ ಆಗಲಿ, ಬಿಸಿಲಿಗಿಂತ ಮೋಡದ ದಿನ ಒಳ್ಳೆಯದು. ಬಿಸಿಲಿನಲ್ಲಿ ನೀರು ಸುಣ್ಣದ ಬಿಳಿ, ಬಂಡೆ ಕಾಡಿಗೆ ಕಪ್ಪು. ಜುಲೈನ ಅಬ್ಬರದಲ್ಲಿ ಹನಿ ಹಾರಿ ಲೆನ್ಸ್ ತೊಯ್ದುಹೋಗುತ್ತದೆ. ನನಗೆ ಇಷ್ಟ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ನೀರೂ ಇರುತ್ತದೆ, ಬಂಡೆಯ ಆಕಾರವೂ ಕಾಣುತ್ತದೆ. ಟ್ರೈಪಾಡ್ ಇಟ್ಟು ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡ್ ಶಟರ್ ಬಿಟ್ಟರೆ ನೀರು ಎಳೆಎಳೆಯಾಗಿ ಬರುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಬಿಟ್ಟರೆ ಹತ್ತಿ ಗುಡ್ಡೆ. ಐಫೋನ್ ಇದ್ದವರು ಲೈವ್ ಫೋಟೋ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಷರ್ ಆರಿಸಿಕೊಳ್ಳಬಹುದು. ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಒದ್ದೆ ಎಲೆ, ಬಂಡೆಗಳ ಹೊಳಪು ಇಳಿದು ಹಸಿರು ಎದ್ದು ಕಾಣುತ್ತದೆ. ಗದ್ದೆಯಲ್ಲಿ ಮಾತ್ರ ಜೋಪಾನ, ಅದೇ ಫಿಲ್ಟರ್ ಬಿಂಬವನ್ನೂ ಅಳಿಸಿಹಾಕುತ್ತದೆ.

ಕಾಮನಬಿಲ್ಲು ಬೇಕಾದರೆ ಸೂರ್ಯ ನಿಮ್ಮ ಬೆನ್ನಿಗಿರಬೇಕು. ಪಾಚಿ ಬಂಡೆಯ ಮೇಲೆ ಹತ್ತಿ ಫೋಟೋ ತೆಗೆಯುವ ಹುಚ್ಚು ಮಾತ್ರ ಬೇಡ. ಚೇಲಾವರದಂಥ ಕಡೆ ಅದು ಪ್ರಾಣಕ್ಕೇ ಬರುತ್ತದೆ.

ಘಟ್ಟ ಇಳಿದು ಕಡಲಿಗೆ

ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು. ಅಲ್ಲಿಂದ ಸ್ವಲ್ಪ ದೂರದಲ್ಲಿ ಮುಳಪ್ಪಿಲಂಗಾಡ್, ಮರಳ ಮೇಲೆ ಕಾರು ಓಡಿಸುವ ಸುಮಾರು 4 ಕಿ.ಮೀ. ಉದ್ದದ ಬೀಚ್. ಎಲ್ಲರೂ ಅಲೆ ತೆಗೆಯುತ್ತಾರೆ. ನೀವು ಅಲೆ ಹಿಂದೆ ಸರಿದ ಆ ಎರಡು ಮೂರು ಸೆಕೆಂಡ್ ಹಿಡಿಯಿರಿ. ಒದ್ದೆ ಮರಳು ಥೇಟ್ ನಮ್ಮ ನಾಟಿ ಗದ್ದೆಯೇ. ಬಗ್ಗುವುದೂ ಅದೇ, ಬೆಳಕು ಇಳಿಸುವುದೂ ಅದೇ.

ಒಂದು ಎಚ್ಚರ. ಏಸಿ ಕಾರಿನಿಂದ ಇಳಿದ ತಕ್ಷಣ ಕಡಲ ಬೆವರು ಗಾಳಿಗೆ ತಣ್ಣನೆಯ ಲೆನ್ಸ್ ಮಂಜುಗಟ್ಟುತ್ತದೆ. ಒರೆಸಿದರೂ ಮತ್ತೆ ಬರುತ್ತದೆ. ತಲುಪುವ ಮುಂಚೆಯೇ ಏಸಿ ಬಂದ್ ಮಾಡಿ, ಕ್ಯಾಮೆರಾ ಬ್ಯಾಗಿನಲ್ಲೇ ಇದ್ದು ಕಾಲು ಗಂಟೆ ಬೆಚ್ಚಗಾಗಲಿ. ನಾನು ಒಮ್ಮೆ ಒರೆಸುತ್ತಾ ಒರೆಸುತ್ತಾ ಇಡೀ ಸೂರ್ಯಾಸ್ತ ಕಳೆದುಕೊಂಡಿದ್ದೇನೆ. ಹೆಂಡತಿ ಫೋನಿನಲ್ಲಿ ತೆಗೆದದ್ದೇ ಮನೆಯ ಗೋಡೆಯ ಮೇಲಿದೆ.

ಮನೆಗೆ ಬಂದ ಮೇಲೆ

ಕ್ಯಾಮೆರಾವನ್ನು ಒದ್ದೆ ಬ್ಯಾಗಿನಲ್ಲೇ ಬಿಡಬೇಡಿ. ಕೊಡಗಿನ ಮಳೆಗಾಲದಲ್ಲಿ ಲೆನ್ಸ್ ಒಳಗೆ ಬೂಷ್ಟು ಹಿಡಿಯುವುದಕ್ಕೆ ಜಾಸ್ತಿ ದಿನ ಬೇಡ. ನನ್ನ ಹಳೆಯ ಲೆನ್ಸ್ ಒಂದರೊಳಗೆ ಜೇಡರ ಬಲೆಯಂತೆ ಬೆಳೆದಿತ್ತು. ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಫೋಟೋ ತಿದ್ದುವುದು ಐದು ನಿಮಿಷದ ಕೆಲಸ. ಸ್ನ್ಯಾಪ್‌ಸೀಡ್‌ನಲ್ಲಿ ನೀರಿನ ಗೆರೆ ನೇರ ಮಾಡಿ, ಹೈಲೈಟ್ಸ್ (ಹೊಳೆಯುವ ಭಾಗ) ಇಳಿಸಿ, ನೆರಳು ಕೊಂಚ ಎತ್ತಿ. ಸ್ಯಾಚುರೇಷನ್‌ಗೆ ಕೈ ಹಾಕದಿದ್ದರೆ ಒಳ್ಳೆಯದು. ಹಾಕಿದರೆ ಬಣ್ಣ ಅತಿಯಾಗಿ ಆಕಾಶ ಮಿಠಾಯಿ ಅಂಗಡಿಯಾಗುತ್ತದೆ.

ಗದ್ದೆಯ ಆ ಫೋಟೋದ ಒಂದು ಪ್ರಿಂಟ್ ಹಾಕಿಸಿ ಅಕ್ಕನಿಗೆ ಕೊಟ್ಟೆ. ಮೇಲ್ಗಡೆ ಅವರು ಮೋಡಕ್ಕೆ ಎದುರಾಗಿ ಬರೀ ಕಪ್ಪು ಆಕಾರವಾಗಿದ್ದರು, ನೀರಿನಲ್ಲಿ ತಲೆಕೆಳಗಾಗಿ ಇನ್ನೊಮ್ಮೆ ಇದ್ದರು. ಅವರು ಪ್ರಿಂಟನ್ನು ತಿರುಗಿಸಿ ಹಿಡಿದರು. “ಈಗ ಸರಿಯಾಯ್ತು” ಅಂದು ಹಾಗೇ ಒಳಗೆ ತೆಗೆದುಕೊಂಡು ಹೋದರು.