ಹಳೆಯ ಫಾರೆಸ್ಟರ್‌ನಲ್ಲಿ ಊಡ್ನಡಾಟ ಟ್ರ್ಯಾಕ್: ಭಾರ ಇಳಿಸಿದೆ, ದಾರಿ ಸಾಗಿತು

ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಮರ್ರೀಯಿಂದ ಮಾರ್ಲಾವರೆಗೆ ಹೋಗುವ ಊಡ್ನಡಾಟ ಟ್ರ್ಯಾಕ್, ಸುಮಾರು 620 ಕಿಲೋಮೀಟರ್ ಮಣ್ಣುದಾರಿ. ಅದನ್ನು ನಮ್ಮ ಹಳೆಯ ಸುಬಾರು ಫಾರೆಸ್ಟರ್‌ನಲ್ಲಿ, ನೆಲದ ಮೇಲೆ ಟೆಂಟ್ ಹಾಕಿಕೊಂಡು, ಮುಗಿಸಿ ಬಂದೆವು. ಒಂದು ಟೈರೂ ಹರಿಯಲಿಲ್ಲ. ಅಡಿಲೇಡಿನ ಗೆಳೆಯರಲ್ಲಿ ಲ್ಯಾಂಡ್ ಕ್ರೂಸರ್ ಇಟ್ಟುಕೊಂಡವರೆಲ್ಲ ಇದು ಆಗದ ಮಾತು ಅಂದಿದ್ದರು. ನನ್ನ ಭಾಮೈದನಂತೂ, "ಭಾವ, ಆ ಕಾರು ವಿಲಿಯಂ ಕ್ರೀಕ್ ಮುಟ್ಟಲ್ಲ. ಕೊನೆಗೆ ನಾನೇ ಬಂದು ಎಳ್ಕೊಂಡು ಹೋಗ್ಬೇಕು" ಅಂದಿದ್ದ.

ಅವರ ಮಾತಿಗೆ ಕಾರಣವಿತ್ತು. ಮೊದಲು ಹೋದಾಗ ಎಲ್ಲರ ಸಲಹೆಯಂತೆಯೇ ಹೊರಟಿದ್ದೆ: ಬಾಡಿಗೆಯ ದೊಡ್ಡ ಫೋರ್ ವೀಲ್, ಹಿಂದೆ ಕ್ಯಾಂಪರ್ ಟ್ರೈಲರ್, ಮಾಡಿನ ಮೇಲೆ ಪೆಟ್ರೋಲ್ ಕ್ಯಾನು, ಎರಡನೇ ಬ್ಯಾಟರಿ, ಫ್ರಿಜ್ಜು. ಕರ್ಡಿಮರ್ಕಾದ ಹಳೆಯ ರೈಲು ನಿಲ್ದಾಣ ತಲುಪುವ ಮುಂಚೆಯೇ ಟ್ರೈಲರಿನ ಲೀಫ್ ಸ್ಪ್ರಿಂಗ್ ಮುರಿಯಿತು. ಅದನ್ನು ಮರ್ರೀಗೆ ಹೊರಿಸಿ ತರಲು 2,000 ಡಾಲರಿಗೂ ಮೇಲೆ ಹೋಯಿತು, ಠೇವಣಿ ಸುಮಾರು 800 ವಾಪಸ್ ಬರಲಿಲ್ಲ. ಇನ್ನೊಮ್ಮೆ ಟ್ರೈಲರ್ ಇಲ್ಲದೆ ಹೋದಾಗ ಮರುಭೂಮಿಯಲ್ಲಿ ಹರಡಿಕೊಂಡಿರುವ ಗಿಬ್ಬರ್ ಕಲ್ಲು ಟೈರಿನ ಪಕ್ಕವನ್ನೇ ಸೀಳಿತು. ಪ್ಲಗ್ ಹಾಕುವ ಜಾಗವಲ್ಲ ಅದು, ನಿಮಗೆ ಗೊತ್ತೇ ಇದೆ. ಮತ್ತೊಂದು ಚಳಿಗಾಲದಲ್ಲಿ ಮಳೆ ಬಿದ್ದು ರಸ್ತೆ ಮುಚ್ಚಿತು. ಮುಚ್ಚಿದ ದಾರಿಗೆ ಇಳಿದರೆ ದಂಡ ಬೇರೆ, ಆದ್ದರಿಂದ ಮರ್ರೀಯಲ್ಲಿ ಕಾದು ಕಾದು ಹಿಂತಿರುಗಿದೆವು. ಕ್ಯಾಂಪಿಗೆ, ಪೆಟ್ರೋಲಿಗೆ ಸುರಿದದ್ದು ನೀರುಪಾಲು.

ಈ ಸಲ ಲೆಕ್ಕವನ್ನು ತಿರುಗಿಸಿ ಹಾಕಿದೆ. ಗಾಡಿಯ ತಾಕತ್ತು ಹೆಚ್ಚಿಸುವ ಯೋಚನೆ ಬಿಟ್ಟು ಭಾರ ಕಡಿಮೆ ಮಾಡುತ್ತ ಬಂದೆ. ಮರ್ರೀಯಿಂದ ವಿಲಿಯಂ ಕ್ರೀಕ್, ಅಲ್ಲಿಂದ ಊಡ್ನಡಾಟ, ಅಲ್ಲಿಂದ ಮಾರ್ಲಾ, ಪ್ರತಿ ತುಂಡೂ ಹೆಚ್ಚುಕಡಿಮೆ 200 ಕಿಲೋಮೀಟರ್, ಎಲ್ಲ ಕಡೆ ಪೆಟ್ರೋಲ್ ಸಿಗುತ್ತದೆ. 60 ಲೀಟರ್ ಟ್ಯಾಂಕಿನವನಿಗೆ ಕ್ಯಾನು ಯಾಕೆ ಬೇಕು? ಕ್ಯಾನು ಹೋಯಿತು. ಫ್ರಿಜ್ಜು ಹೋಯಿತು, ಅದರ ಜೊತೆ ಎರಡನೇ ಬ್ಯಾಟರಿಯೂ ಹೋಯಿತು. ಮಾಡಿನ ಮೇಲೆ ಒಂದು ಹಗ್ಗವನ್ನೂ ಕಟ್ಟಲಿಲ್ಲ. ನೀರನ್ನು ಮಾತ್ರ ಒಂದು ಲೀಟರೂ ಇಳಿಸಲಿಲ್ಲ. ಹತ್ತು ಲೀಟರಿನ ಕ್ಯಾನುಗಳನ್ನು ಮುಂದಿನ ಸೀಟಿನ ಬೆನ್ನಿಗೆ, ನೆಲದ ಮೇಲೆ ಇಟ್ಟೆ. ತುರ್ತಿಗೆ ಪಿಎಲ್‌ಬಿ, ಅಂದರೆ ಉಪಗ್ರಹದ ಮೂಲಕ ಸಹಾಯ ಕರೆಯುವ ಪುಟ್ಟ ಸಾಧನ, ಇತ್ತು. ಇವೆರಡರಲ್ಲಿ ಉಳಿತಾಯ ಮಾಡುವವರ ಜೊತೆ ನಾನು ಪ್ರಯಾಣ ಮಾಡುವುದಿಲ್ಲ.

ಉಳಿದ ದುಡ್ಡನ್ನೆಲ್ಲ ಟೈರಿಗೆ ಹಾಕಿದೆ. ಗಟ್ಟಿ ಪಕ್ಕದ ಆಲ್ ಟೆರೇನ್ ನಾಲ್ಕಕ್ಕೆ 1,100 ಡಾಲರ್ ಆಸುಪಾಸು. ಗುಜರಿ ಅಂಗಡಿಯಿಂದ ಎರಡನೇ ಸ್ಪೇರ್ ಚಕ್ರ, ನೂರು ಚಿಲ್ಲರೆ. ಡಾಂಬರು ಮುಗಿದ ಕೂಡಲೇ ಟೈರಿನ ಗಾಳಿ 36 ಪಿಎಸ್‌ಐಯಿಂದ 26ಕ್ಕೆ ಇಳಿಸಿದೆ. ಇದು ಮುಂದಿನ ಚಕ್ರಗಳ ಲೆಕ್ಕ. ಹಿಂದಿನದಕ್ಕೆ ಎಷ್ಟು ಇಟ್ಟೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದಕ್ಕೆ ನಾನು ತೆತ್ತ ಬೆಲೆ ದೊಡ್ಡದು. ಒಂದು ಗಂಟೆ ಓಡಿಸಿ ನಿಲ್ಲಿಸಿ ಅಳೆದೆ. ತಣ್ಣಗಿದ್ದಾಗಿನದಕ್ಕಿಂತ ನಾಲ್ಕು ಪಿಎಸ್‌ಐಗಿಂತ ಹೆಚ್ಚು ಏರಿದ್ದರೆ ವೇಗ ಜಾಸ್ತಿಯಾಯಿತು, ಇಲ್ಲವೇ ಗಾಳಿ ಕಡಿಮೆಯಾಯಿತು ಎಂದರ್ಥ. ಗೇಜು ಹೇಳಿದ್ದನ್ನು ನಂಬಿ ನಡೆದೆ.

ವೇಗದ ವಿಷಯದಲ್ಲೇ ಎಲ್ಲರ ಜೊತೆ ಜಗಳ. ಕಾರುಗೇಷನ್, ಅಂದರೆ ಮಣ್ಣುದಾರಿಯ ಅಲೆಅಲೆಯಾದ ಉಬ್ಬುತಗ್ಗಿನ ಮೇಲೆ, 80ರಲ್ಲಿ ಹೊಡೆದರೆ ಗಾಡಿ ತೇಲುತ್ತದೆ ಅನ್ನುತ್ತಾರೆ. ತೇಲುವುದು ನಿಜ, ತಿರುವಿನಲ್ಲಿ ಹಿಡಿತ ಸಿಗದಿರುವುದೂ ಅಷ್ಟೇ ನಿಜ. ನಾನು 55–60 ದಾಟಲಿಲ್ಲ. ಆಗಾಗ ಇಳಿದು ಶಾಕ್ ಅಬ್ಸಾರ್ಬರಿನ ಹತ್ತಿರ ಕೈ ಹಿಡಿದು ನೋಡಿದೆ. ಸುಡುತ್ತಿದ್ದರೆ ಅಲ್ಲೇ ಚಹಾ. ದಿನಕ್ಕೆ 150 ಕಿಲೋಮೀಟರ್ ಸಾಕು ಅಂದುಕೊಂಡರೆ ನೋಡಲೂ ಪುರಸೊತ್ತು ಸಿಗುತ್ತದೆ. ಕಾಟಿ ತಂಡಾ–ಲೇಕ್ ಐರ್‌ನ ದಕ್ಷಿಣದ ಉಪ್ಪುಬಯಲಿನ ಮುಂದೆ ಅರ್ಧ ದಿನ ಕೂತೆವು. ಬಬ್ಲರ್ ಬುಗ್ಗೆಯಲ್ಲಿ ಮರಳು ಗುಳುಗುಳು ಏಳುವುದನ್ನು ಮನೆಯವಳು ಬಿಟ್ಟು ಏಳಲೇ ಇಲ್ಲ. 1980ರಲ್ಲಿ ನಿಂತುಹೋದ ಹಳೆಯ ಘಾನ್ ರೈಲಿನ ದಾರಿ ಊಡ್ನಡಾಟದವರೆಗೂ ಹತ್ತಿರದಲ್ಲೇ ಇರುತ್ತದೆ. ನೀಲ್ಸ್ ನದಿಯ ಮೇಲಿನ ಆಲ್ಜಿಬಕಿನಾ ಸೇತುವೆ ಅರ್ಧ ಕಿಲೋಮೀಟರಿಗೂ ಉದ್ದ. 1892ರ ಕಬ್ಬಿಣ, ಅದರ ಕೆಳಗೆ ನಿಂತು ನೋಡಬೇಕು.

ಫ್ರಿಜ್ಜಿಲ್ಲದೆ ಊಟ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ ಟೆಂಟ್ ಮಡಚುವಷ್ಟರಲ್ಲಿ ಕುಕ್ಕರಿನಲ್ಲಿ ಅಕ್ಕಿ, ಬೇಳೆ, ತರಕಾರಿ, ಬಿಸಿಬೇಳೆಬಾತ್ ಪುಡಿ ಹಾಕಿ ಒಂದೇ ಕೂಗು ಕೂಗಿಸಿ, ಕುಕ್ಕರನ್ನು ಕಂಬಳಿಯಲ್ಲಿ ಸುತ್ತಿ ಖಾಲಿ ಎಸ್ಕಿ (ಐಸ್ ಪೆಟ್ಟಿಗೆ) ಒಳಗೆ ಇಟ್ಟುಬಿಡುವುದು. ಮಧ್ಯಾಹ್ನ ತೆಗೆದರೆ ಬೇಳೆ ಕರಗಿರುತ್ತದೆ, ಕೈ ಸುಡುವಷ್ಟು ಬಿಸಿ. ದಿನಕ್ಕೆ ಗ್ಯಾಸು ಏಳೆಂಟು ನಿಮಿಷ, ಅಷ್ಟೇ. ಇದರ ಉತ್ಸಾಹದಲ್ಲಿ ದೋಸೆಹಿಟ್ಟಿಗೂ ಕೈ ಹಾಕಿದೆ. ರಾತ್ರಿ ಎರಡು ಮೂರು ಡಿಗ್ರಿ, ಹಿಟ್ಟು ಕದಲಲಿಲ್ಲ. ಹಗಲು ಹೀಟರಿನ ಗಾಳಿ ಬೀಳುವಲ್ಲಿ ಇಟ್ಟೆ; ಹುಳಿಯೇನೋ ಬಂತು, ಕುಲುಕಾಟಕ್ಕೆ ಉಬ್ಬು ಮಾತ್ರ ನಿಲ್ಲಲಿಲ್ಲ. ಮೊಸರು ಗೆದ್ದಿತು: ಬಾಯಗಲದ ಫ್ಲಾಸ್ಕಿನಲ್ಲಿ ಹಾಲಿನಪುಡಿ ಕದಡಿ ಹೆಪ್ಪು ಹಾಕಿ ನಿದ್ದೆಯ ಚೀಲದೊಳಗೆ ಇಟ್ಟರೆ ಬೆಳಿಗ್ಗೆ ಗಡ್ಡೆ. ಹುರಿಹಿಟ್ಟು, ಚಟ್ನಿಪುಡಿ, ಗಟ್ಟಿ ಅವಲಕ್ಕಿ ಇದ್ದೇ ಇತ್ತು.

ಕ್ಯಾಂಪು ಒಂದು ರಾತ್ರಿ ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ. ಖರ್ಜೂರದ ಮರಗಳ ನಡುವೆ ಬೋರ್‌ನೀರಿನ ಸ್ನಾನದ ಕೊಳ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಊಡ್ನಡಾಟ ದಾಟಿದ ಮೇಲೆ ಒಂದು ಒಣಹಳ್ಳದ ಪಕ್ಕ, ಗಾಳಿಗೆ ಮರೆಯಾದ ಜಾಗ ಸಿಕ್ಕಿತು. ಅದೆಲ್ಲಿ ಅಂತ ಬರೆದರೆ ಮುಂದಿನ ಚಳಿಗಾಲಕ್ಕೆ ಅಲ್ಲಿ ಹತ್ತು ಟೆಂಟ್ ಎದ್ದಿರುತ್ತವೆ.

ಖರ್ಚಿನ ಲೆಕ್ಕ ಬಾಯಿಂದಲೇ ಹೇಳುತ್ತೇನೆ. ಅಡಿಲೇಡಿನಿಂದ ಹೋಗಿ ಬಂದು ಹೆಚ್ಚುಕಡಿಮೆ 2,500 ಕಿಲೋಮೀಟರ್, ಪೆಟ್ರೋಲಿಗೆ 600 ಡಾಲರ್ ಒಳಗೆ, ಕ್ಯಾಂಪಿಗೆ ನೂರೈವತ್ತರ ಸುತ್ತ, ದಿನಸಿ ಅದಕ್ಕಿಂತಲೂ ಕಡಿಮೆ. ಟೈರು ಸೇರಿಸಿದರೂ ಅಂದು ಟ್ರೈಲರ್ ಹೊತ್ತು ತರಲು ಮತ್ತು ಠೇವಣಿಗೆ ಕಳೆದುಕೊಂಡಷ್ಟಾಗಲಿಲ್ಲ. ಬಂದ ಮೇಲೆ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ನೋಡಿದೆವು. ಹಿಂದಿನ ಒಂದು ಬುಷ್ ಸವೆದಿತ್ತು, 80 ಡಾಲರಿನ ಕೆಲಸ. ಭಾಮೈದ ಪಕ್ಕದಲ್ಲೇ ನಿಂತು ಟಾರ್ಚ್ ಹಿಡಿದಿದ್ದ. "ಭಾವ, ಹಿಂದಿನ ಚಕ್ರಕ್ಕೆ ಎಷ್ಟು ಇಟ್ಟಿದ್ರಿ?" ಅಂದ. ನಿನ್ನ ಟ್ರೈಲರ್ ಮಾರಿ ಬಾ, ಹೇಳ್ತೀನಿ ಅಂದಿದ್ದೇನೆ.