ಜರ್ಮನಿಗೆ ಬಂದ ಹೊಸಬರಿಗೆ: ‘ಏಲೆಂಡ್’ ಮತ್ತು ಮೊದಲ ಚಳಿಗಾಲ

ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ವಿಮೆ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಮೊದಲ ಚಳಿಗಾಲದ ಬಗ್ಗೆ ಹೇಳುತ್ತೇನೆ. ಡಿಸೆಂಬರಿನಲ್ಲಿ ಬರ್ಲಿನ್ ಕಡೆ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಭಾನುವಾರ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಆಗ ಒಂಟಿ ರೂಮಿನಲ್ಲಿ ಆಗುವ ಸಂಕಟಕ್ಕೆ ಇಲ್ಲಿನ ಭಾಷೆಯಲ್ಲಿ ಹಳೆಯ ಪದವೊಂದಿದೆ: ಏಲೆಂಡ್.

ಇವತ್ತು ಅದಕ್ಕೆ ದುರ್ಗತಿ, ಸಂಕಟ ಎಂಬ ಅರ್ಥ. ಮುದುಡಿ ಕೂತವರನ್ನು ಕಂಡರೆ ‘ಹೊಯ್ಫ್‌ಶೆನ್ ಏಲೆಂಡ್’ ಅನ್ನುತ್ತಾರೆ, ಅಂದರೆ ಸಂಕಟದ ಪುಟ್ಟ ಗುಡ್ಡೆ. ಆದರೆ ಸಾವಿರ ವರ್ಷದ ಹಿಂದಿನ ಜರ್ಮನ್‌ನಲ್ಲಿ ಈ ಪದ ‘ಎಲಿಲೆಂಟಿ’ ಎಂದಿತ್ತು. ಮೊದಲ ಭಾಗಕ್ಕೆ ‘ಬೇರೆ’ ಎಂಬ ಅರ್ಥ, ಎರಡನೆಯದಕ್ಕೆ ‘ನಾಡು’. ಬೇರೆ ನಾಡಿನಲ್ಲಿರುವವನು, ಊರು ಬಿಡಿಸಿ ಕಳಿಸಿದವನು. ನೆಂಟರಿಷ್ಟರು ಜೊತೆಗಿಲ್ಲ ಅಂದರೆ ಆಗ ಕೇಳುವವರೇ ಇರಲಿಲ್ಲ. ಹಾಗಾಗಿ ಪರನಾಡು ಅನ್ನುವ ಅರ್ಥ ಮೆಲ್ಲಗೆ ದುರ್ಗತಿಯ ಕಡೆ ಜಾರಿತು. ನಮ್ಮ ‘ಪರದೇಶಿ’ಯೂ ಇದೇ ದಾರಿ ಹಿಡಿದ ಪದ, ಅಲ್ವಾ? ಯಾರೂ ಇಲ್ಲದವನನ್ನು ‘ಪಾಪ, ಪರದೇಶಿ’ ಅನ್ನುತ್ತೇವೆ, ಅವನು ಪಕ್ಕದ ಬೀದಿಯವನೇ ಆಗಿದ್ದರೂ.

ನನಗೆ ಜಾಸ್ತಿ ಇಷ್ಟವಾಗುವುದು ಈ ಪದದ ಇನ್ನೊಂದು ಮುಖ. ಮಧ್ಯಯುಗದ ಜರ್ಮನ್ ಊರುಗಳಲ್ಲಿ ‘ಏಲೆಂಡ್ಸ್‌ಬ್ರೂಡರ್‌ಶಾಫ್ಟ್’ ಎಂಬ ಸಂಘಗಳಿದ್ದವು. ದಾರಿಹೋಕರಿಗೆ, ಯಾತ್ರಿಕರಿಗೆ ಊಟ, ಹಾಸಿಗೆ ಕೊಡುವುದು, ಕಾಯಿಲೆ ಬಿದ್ದರೆ ನೋಡಿಕೊಳ್ಳುವುದು, ಸತ್ತರೆ ಮರ್ಯಾದೆಯಿಂದ ಮಣ್ಣು ಮಾಡುವುದು ಅವರ ಕೆಲಸ. ಯಾರದೋ ಮನೆಯ ಮಗನಿಗೆ ಊರಿನ ಜನ ಇಷ್ಟು ಮಾಡುತ್ತಿದ್ದರು. ಕೋಲೋನ್‌ಗೆ ಹೋದರೆ ಸಾಂಕ್ಟ್ ಗ್ರೆಗೋರಿಯಸ್ ಇಮ್ ಏಲೆಂಡ್ ಚರ್ಚ್ ನೋಡಿ. ಪರಸ್ಥಳದವರನ್ನು ಹೂಳುತ್ತಿದ್ದ ಜಾಗದಲ್ಲಿ ಅದನ್ನು ಕಟ್ಟಿದ್ದಾರೆ.

ಹಾಗಾಗಿ ಸಹಾಯ ಕೇಳಲು ಸಂಕೋಚ ಬೇಡ. ಕಾರಿಟಾಸ್, ಡಿಯಾಕೋನಿಯಂಥ ಚರ್ಚುಗಳ ಸೇವಾ ಸಂಸ್ಥೆಗಳು ಹೊರದೇಶದಿಂದ ಬಂದವರಿಗೆ ಉಚಿತವಾಗಿ ಸಲಹೆ ಕೊಡುತ್ತವೆ. ಫೋಲ್ಕ್ಸ್‌ಹೋಖ್‌ಶೂಲೆಯ, ಅಂದರೆ ದೊಡ್ಡವರಿಗೆ ಪಾಠ ಹೇಳುವ ಊರಿನ ಶಾಲೆಯ, ಸಂಜೆಯ ಜರ್ಮನ್ ತರಗತಿಗೆ ಅಕ್ಟೋಬರಿಗೆ ಮುಂಚೆಯೇ ಹೆಸರು ಕೊಡಿ. ಭಾಷೆಗಿಂತ ಹೆಚ್ಚಾಗಿ, ವಾರಕ್ಕೊಮ್ಮೆ ಅದೇ ಮುಖಗಳು ಕಾಣುತ್ತವಲ್ಲ, ಅದಕ್ಕೆ. ಹತ್ತಿರದ ಕನ್ನಡ ಕೂಟಕ್ಕೆ ಯುಗಾದಿವರೆಗೆ ಕಾಯದೆ ಈಗಲೇ ಒಂದು ಮೆಸೇಜ್ ಹಾಕಿ. ತುಂಬಾ ಕಷ್ಟ ಅನ್ನಿಸಿದರೆ, ಮನಸ್ಸಿನ ಸಂಕಟ ಕೇಳಿಸಿಕೊಳ್ಳುವ ಸಹಾಯವಾಣಿ ಟೆಲಿಫೋನ್‌ಜೇಲ್‌ಜೋರ್ಗೆಗೆ ಫೋನ್ ಮಾಡಿ: 0800 1110111. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಹೆಸರು ಹೇಳಬೇಕಿಲ್ಲ. ಜರ್ಮನ್ ಇನ್ನೂ ಬಾರದಿದ್ದರೆ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.