ಮೊದಲು ಮಾಡು, ಆಮೇಲೆ ಗೋಡೆ: ಕುಮಟೆ ಕಡೆ ಮನೆ ಕಟ್ಟುವವನ ಅನುಭವ

ನಮ್ಮ ಕರಾವಳಿಯಲ್ಲಿ ಮನೆ ಕೆಲಸ ಅಂದರೆ ದೀಪಾವಳಿಯಿಂದ ಮೇ ಕೊನೆವರೆಗೆ. ಜೂನ್ ಬಂದರೆ ಅರ್ಧ ಎದ್ದ ಗೋಡೆಗೆ ಪ್ಲಾಸ್ಟಿಕ್ ಹೊದೆಸಿ, ಸಿಮೆಂಟ್ ಚೀಲ ಯಾರದೋ ಕೊಟ್ಟಿಗೆಗೆ ಸಾಗಿಸಿ, ಮಳೆ ಕಳೆಯಲಿ ಅಂತ ಕಾಯುವುದು. ಮನೆ ಯಜಮಾನ ಬ್ಯಾಂಕಿಗೆ ಬಡ್ಡಿ ಕಟ್ಟುತ್ತಾ ಬಾಡಿಗೆ ಮನೆಯಲ್ಲಿ ಕೂರುತ್ತಾನೆ. ಗವಂಡಿಗಳೂ ಮನೆಯಲ್ಲಿ ಕೂರುತ್ತಾರೆ. ನಾಲ್ಕು ತಿಂಗಳು ಯಾರಿಗೂ ದುಡಿಮೆ ಇಲ್ಲ.

ನಾನು ಈ ಕ್ರಮ ಬಿಟ್ಟಿದ್ದು 2021ರಲ್ಲಿ. ಈಗ ಮೇ ಒಳಗೆ ಕಂಬ ಎಬ್ಬಿಸಿ ಮಾಡು, ಅಂದರೆ ಇಳಿಜಾರು ಚಾವಣಿ, ಹಾಕಿ ಹಂಚು ಹೊದೆಸಿಬಿಡುತ್ತೇನೆ. ಹೆಚ್ಚಿನ ಗೋಡೆ ಕಟ್ಟುವುದು ಅದರ ಅಡಿಯಲ್ಲಿ, ಮಳೆಗಾಲದಲ್ಲಿ. ಅಂಕೋಲೆಯಿಂದ ಹೊನ್ನಾವರದವರೆಗೆ ಹತ್ತು ಹನ್ನೆರಡು ಮನೆ ಹೀಗೆ ಮುಗಿದಿವೆ. ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯೂ ಒಂದೆರಡು ಕಟ್ಟಿದ್ದೇನೆ. ಮೊದಲ ಸಲ ಹೇಳಿದಾಗ ನನ್ನ ಹಳೇ ಗವಂಡಿ ಕವಳ ಉಗಿದು ಕೇಳಿದ್ದು: "ತಮ್ಮಾ, ಗೋಡೆ ಇಲ್ದೇ ಮಾಡು ಹಾಕೂದು ಅಂದ್ರೆ ಎಂತದು? ಮದುವೆ ಚಪ್ಪರವಾ?" ಮಾತು ಊರೆಲ್ಲ ಹರಡಿತು. ಒಂದು ವರ್ಷ ಪೂರ್ತಿ ನನಗೆ ಚಪ್ಪರದ ಕಂತ್ರಾಟದಾರ ಅಂತಲೇ ಹೆಸರು.

ಚಿರೆಕಲ್ಲಿನ (ಕೆಂಪುಕಲ್ಲಿನ) ಗೋಡೆಯೇ ಮಾಡಿನ ಭಾರ ಹೊರುತ್ತದಲ್ಲ, ಕಂಬ ಯಾಕೆ ಅಂತ ನಮ್ಮ ಕೆಲಸದವರು ಕೇಳುತ್ತಾರೆ. ಹೊರುತ್ತದೆ, ನಿಜ. ಆದರೆ ಆಗ ಮಾಡು ಗೋಡೆಗಾಗಿ ಕಾಯಬೇಕು, ಗೋಡೆ ಮಳೆ ಬಿಡಲಿ ಅಂತ ಕಾಯಬೇಕು. ಆ ಗಂಟು ಬಿಡಿಸುವುದಕ್ಕೇ ಕಂಬ. 1200 ಚದರಡಿ ಮನೆಗೆ ಹದಿನಾಲ್ಕು ಹದಿನಾರು ಕಂಬ ಬೀಳುತ್ತವೆ, 9 ಇಂಚಿಗೆ 12 ಇಂಚು. ಕೆಳಗೆ ಪಂಚಾಂಗದ (ನೆಲಗಟ್ಟಿನ) ಬೀಮು, ಮೇಲೆ ಸುತ್ತ ಒಂದು ಬೀಮು, ಅದರ ಮೇಲೆ ಮಾಡು ಹೊರಲು ಜಿಐ ಪೈಪಿನ ಚೌಕಟ್ಟು, ಅಂದರೆ ಟ್ರಸ್ಸು. ಕಡಲ ಗಾಳಿಯ ಜಾಗಕ್ಕೆ ಕಾಂಕ್ರೀಟಿನ ಮಾನದಂಡ ಐಎಸ್ 456 ಹೇಳುವುದು ಎಂ30 ದರ್ಜೆಯ ಕಾಂಕ್ರೀಟು, ಕಬ್ಬಿಣಕ್ಕೆ 45 ಮಿಲಿಮೀಟರ್ ಕವರ್, ಅಂದರೆ ಕಬ್ಬಿಣದ ಮೇಲೆ ಅಷ್ಟು ದಪ್ಪ ಕಾಂಕ್ರೀಟಿನ ಹೊದಿಕೆ. ಇದರಲ್ಲಿ ನಾನು ಚೌಕಾಶಿ ಮಾಡುವುದಿಲ್ಲ. 20 ಮಿಲಿಮೀಟರ್ ಕವರ್ ಬಿಟ್ಟು ಕಟ್ಟಿದ ಕಂಬಗಳು ಹತ್ತು ವರ್ಷಕ್ಕೆ ಬಾಯಿ ಬಿಟ್ಟಿದ್ದನ್ನು ಕಾರವಾರದಲ್ಲಿ ಬೇಕಾದಷ್ಟು ನೋಡಬಹುದು.

ಮರಳೂ ಅಷ್ಟೇ. ಭರತದ ನೀರು ಏರಿ ಬರುವ ಜಾಗದಿಂದ ತೆಗೆದ ಹೊಳೆ ಮರಳಿನಲ್ಲಿ ಉಪ್ಪು ಇದ್ದೇ ಇರುತ್ತದೆ. ಕಂಬಕ್ಕೆ ಕಲ್ಲು ಪುಡಿ ಮಾಡಿದ ಎಂ ಸ್ಯಾಂಡ್ ಮಾತ್ರ ಬಳಸುತ್ತೇನೆ. ಹೊಳೆ ಮರಳು ಸಿಕ್ಕಿದರೆ ತೊಳೆದು ಗಿಲಾಯಕ್ಕೆ (ಪ್ಲಾಸ್ಟರಿಗೆ).

ಮೊದಲ ಮನೆ ಕುಮಟೆಯ ಹತ್ತಿರವೇ. ಮೇ ಎರಡನೇ ವಾರಕ್ಕೆ ಹಂಚು ಹೊದೆಸಿ ಮುಗಿಯಿತು. ಎದೆ ಉಬ್ಬಿಸಿಕೊಂಡು ಫೋಟೋ ಹೊಡೆದು ಎಲ್ಲರಿಗೂ ಕಳಿಸಿದೆ. ಅದೇ ವಾರ ತೌಕ್ತೆ ಚಂಡಮಾರುತ ಬಂತು. ಗೋಡೆ ಇಲ್ಲದ ಮಾಡಿನ ಅಡಿಗೆ ಗಾಳಿ ನುಗ್ಗಿ ಮೇಲಕ್ಕೆ ಎತ್ತಿತು. ಟ್ರಸ್ಸು ಅಲ್ಲಾಡಲಿಲ್ಲ. ಹಂಚು ಮಾತ್ರ ಆರೇಳುನೂರು ಹೋದವು, ಅರ್ಧ ಅಂಗಳಕ್ಕೆ, ಅರ್ಧ ಪಕ್ಕದವರ ತೋಟಕ್ಕೆ. ಹಂಚು, ಆಳಿನ ಕೂಲಿ, ಪಕ್ಕದವರ ಎರಡು ಬಾಳೆಗೊನೆ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯಿತು. ಯಜಮಾನರ ಹತ್ತಿರ ಕೇಳಲು ಮುಖ ಇರಲಿಲ್ಲ.

ಆ ಗಾಳಿಯಿಂದಲೇ ಕೆಲಸದ ಕ್ರಮ ಗೊತ್ತಾಯಿತು. ನಮ್ಮ ಮಳೆಗಾಲದ ಗಾಳಿ ಪಡುವಣದ್ದು, ನೈಋತ್ಯದ್ದು. ಆ ಎರಡು ಬದಿ ತೆರೆದಿದ್ದು ಪೂರ್ವದ ಬದಿ ಮುಚ್ಚಿದ್ದರೆ ಒಳಗೆ ಬಂದ ಗಾಳಿಗೆ ಹೋಗಲು ದಾರಿ ಇಲ್ಲ, ಅದು ಮಾಡನ್ನೇ ಎತ್ತುತ್ತದೆ. ಪಡುವಣ ಮುಚ್ಚಿ ಪೂರ್ವ ತೆರೆದಿದ್ದರೆ ಅಷ್ಟು ತೊಂದರೆ ಇಲ್ಲ. ಅದಕ್ಕೇ ಹಂಚು ಏರುವ ಮೊದಲೇ ಪಡುವಣದ ಗೋಡೆ ಪೂರ್ತಿ, ದಕ್ಷಿಣದ್ದು ಕಿಟಕಿ ಮಟ್ಟಕ್ಕೆ ಕಟ್ಟಿಬಿಡುತ್ತೇನೆ. ಪೂರ್ವದ್ದು ಕೊನೆಗೆ. ಸೂರಿನ ಅಂಚಿನ ಮೂರು ಸಾಲು ಹಂಚು ಮತ್ತು ನೆತ್ತಿಯ ಸಾಲನ್ನು ತಾಮ್ರದ ತಂತಿಯಲ್ಲಿ ರೀಪಿಗೆ (ಹಂಚಿನ ಅಡಿಯ ಪಟ್ಟಿಗೆ) ಕಟ್ಟಿಸುತ್ತೇನೆ. ಕಬ್ಬಿಣದ ತಂತಿ ನಮ್ಮ ಕಡೆ ಎರಡು ಮಳೆಗಾಲ ಬಾಳುವುದಿಲ್ಲ. ದಕ್ಷಿಣದ ಬಾಯಿಗೆ ಹಸಿರು ನೆಟ್ಟು. ಕಟ್ಟುವವರು ದೋಣಿಯ ಹುಡುಗರು. ಜೂನ್ 1ರಿಂದ ಜುಲೈ ಕೊನೆವರೆಗೆ ಮೀನುಗಾರಿಕೆ ನಿಷೇಧ, ಬೋಟು ಇಳಿಯುವುದಿಲ್ಲ, ಅವರಿಗೂ ಕೆಲಸ ಬೇಕು. ಅವರು ಹಾಕಿದ ಗಂಟು ಇವತ್ತಿನವರೆಗೆ ಬಿಚ್ಚಿಲ್ಲ. ಘಟ್ಟದ ಮೇಲಿನ ಆಳುಗಳು ಹೇಗೂ ಆ ಹೊತ್ತಿಗೆ ಬಿತ್ತನೆಗೆ ಅಂತ ಊರಿಗೆ ಹೋಗಿರುತ್ತಾರೆ.

ಗಾಳಿಗಿಂತ ಜಾಸ್ತಿ ಕಾಡಿದ್ದು ಬ್ಯಾಂಕು. ಸಾಲದ ಕಂತು ಬಿಡುವ ಅವರ ಪಟ್ಟಿಯಲ್ಲಿ ಪಂಚಾಂಗ, ಲಿಂಟಲ್ (ಬಾಗಿಲು ಕಿಟಕಿ ಮೇಲಿನ ಬೀಮು), ಸ್ಲ್ಯಾಬ್, ಗಿಲಾಯ ಅಂತ ಸಾಲು ಇರುತ್ತದೆ. ನೋಡಲು ಬಂದ ಎಂಜಿನಿಯರ್ ಮಾಡು ನೋಡಿದರು, ನನ್ನನ್ನು ನೋಡಿದರು, "ಲಿಂಟಲ್ ಎಲ್ಲಿದೆ?" ಅಂದರು. ಗೋಡೆಯೇ ಇಲ್ಲ, ಲಿಂಟಲ್ ಎಲ್ಲಿಂದ ತರಲಿ? ಎರಡನೇ ಕಂತು ಎರಡು ತಿಂಗಳು ನಿಂತಿತು. ಹಾರ್ಡ್‌ವೇರ್ ಅಂಗಡಿಯವರು ಉದ್ರಿ ಕೊಟ್ಟಿದ್ದರಿಂದ ಬಚಾವಾದೆ. ಈಗ ಸಾಲದ ಅರ್ಜಿ ಹಾಕುವಾಗಲೇ ಎಸ್ಟಿಮೇಟಿನಲ್ಲಿ ಹಂತ ಬೇರೆ ಬರೆಸುತ್ತೇನೆ: ಪಾಯ ಮತ್ತು ಕಂಬ, ಮಾಡು, ಗೋಡೆ, ಒಳಕೆಲಸ. ಮೊದಲೇ ಬರೆದುಕೊಟ್ಟರೆ ಯಾರೂ ತಕರಾರು ಮಾಡುವುದಿಲ್ಲ.

ದುಡ್ಡಿನ ಲೆಕ್ಕ ಬಾಯಿಲೆಕ್ಕದಲ್ಲಿ ಹೇಳುತ್ತೇನೆ. 1200 ಚದರಡಿಯ ಮನೆಗೆ ಕಂಬ ಬೀಮು ಅಂತ ಬರೀ ಗೋಡೆ ಮನೆಗಿಂತ ಒಂದೂವರೆ ಲಕ್ಷ ಜಾಸ್ತಿ ಬೀಳುತ್ತದೆ. ಇನ್ನೊಂದು ಕಡೆ, ಹನ್ನೆರಡು ಲಕ್ಷ ಎತ್ತಿ ಕೆಲಸ ನಿಲ್ಲಿಸಿದ ಯಜಮಾನನಿಗೆ ಶೇಕಡಾ 9ರಂತೆ ತಿಂಗಳಿಗೆ ಒಂಬತ್ತು ಸಾವಿರ ಬಡ್ಡಿ. ಬಾಡಿಗೆ ಎಂಟು ಸಾವಿರ ಅಂತ ಇಟ್ಟುಕೊಳ್ಳಿ. ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ ಎಪ್ಪತ್ತು ಸಾವಿರ. ಗಟ್ಟಿಯಾದ ಸಿಮೆಂಟು, ಕದ್ದುಹೋದ ಸೆಂಟ್ರಿಂಗ್ ಹಲಗೆ ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಇಷ್ಟಕ್ಕೇ ಸರಿದೂಗುವುದಿಲ್ಲ, ಗೊತ್ತು. ಆದರೆ ಟೆರೇಸ್ ಮನೆ ಕಟ್ಟಿದವರು ನಾಲ್ಕೈದು ವರ್ಷಕ್ಕೆ ಸೋರುತ್ತದೆ ಅಂತ ಅದರ ಮೇಲೆ ತಗಡಿನ ಶೀಟು ಹೊದೆಸುತ್ತಾರಲ್ಲ? ಎರಡು ಎರಡೂವರೆ ಲಕ್ಷ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಚೀಚೆ ಮಳೆ ಬೀಳುವ ಊರಲ್ಲಿ ಸಪಾಟು ಸ್ಲ್ಯಾಬು ಹಾಕಿ, ಆಮೇಲೆ ಅದಕ್ಕೆ ಕೊಡೆ ಹಿಡಿಯುವ ಖರ್ಚು. ಮೊದಲ ದಿನವೇ ಮಾಡು ಹಾಕಿದವನಿಗೆ ಆ ಖರ್ಚು ಇಲ್ಲ.

ಇದನ್ನು ಯಜಮಾನರಿಗೆ ಒಪ್ಪಿಸುವುದೇ ಕಷ್ಟ. ಹಂಚಿನ ಮನೆ ಅಂದರೆ ಬಡವರದ್ದು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಮುಂಬೈಯಿಂದಲೋ ಗಲ್ಫಿನಿಂದಲೋ ದುಡ್ಡು ಕಳಿಸುವವರಿಗೆ ಬೆಂಗಳೂರಿನ ಡಬ್ಬಿ ಮನೆಯೇ ಬೇಕು. ಅಂಥವರ ಹತ್ತಿರ ನಾನು ವಾದ ಮಾಡುವುದಿಲ್ಲ. ಜುಲೈ ತಿಂಗಳಲ್ಲಿ ನಾನು ಕಟ್ಟಿದ ಯಾವುದಾದರೂ ಮನೆಯ ಜಗುಲಿಯಲ್ಲಿ ಅರ್ಧ ತಾಸು ಕೂರಿಸುತ್ತೇನೆ. ಮೂರೂವರೆ ಅಡಿ ಸೂರು ಹೊರಗೆ ಚಾಚಿರುತ್ತದೆ, ಗೋಡೆ ಒಣಗಿರುತ್ತದೆ. ಚಾ ಮುಗಿಯುವುದರೊಳಗೆ ಅವರೇ ರೇಟು ಕೇಳುತ್ತಾರೆ.

ಕಲ್ಲಿನ ವಿಷಯದಲ್ಲಿ ಉದಾಸೀನ ಮಾಡಿದರೆ ಈ ಕ್ರಮ ಕೈಕೊಡುತ್ತದೆ. ಮಳೆ ಬಿದ್ದ ಮೇಲೆ ಕಲ್ಲಿನ ಕ್ವಾರಿಯಲ್ಲಿ ನೀರು ನಿಲ್ಲುತ್ತದೆ, ಇದ್ದ ಕಲ್ಲಿಗೆ ಹೇಳಿದ್ದೇ ರೇಟು. ಒಂದು ವರ್ಷ ಮೂವತ್ತೆಂಟಕ್ಕೆ ಸಿಗುತ್ತಿದ್ದ ಕಲ್ಲಿಗೆ ಜುಲೈಯಲ್ಲಿ ಐವತ್ತು ಕೊಟ್ಟೆ. ಅದೂ ನೀರು ಕುಡಿದು ಭಾರವಾದ, ಮೂಲೆ ಉದುರುವ ಕಲ್ಲು. ಚಿರೆಕಲ್ಲು ಕಡಿದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ, ಇದು ನಮಗೆಲ್ಲ ಗೊತ್ತೇ ಇದೆ. ಹಾಗಾಗಿ ಮಾರ್ಚ್ ಒಳಗೆ ಕಡಿದ ಕಲ್ಲು ತರಿಸಿ, ಮಾಡು ಆದ ಕೂಡಲೇ ಅದರ ಅಡಿಯಲ್ಲೇ ಪೇರಿಸುತ್ತೇನೆ. ಮಾಡೇ ಗೋಡೌನು. ಪ್ರತಿ ಲೋಡಿನಿಂದ ಎರಡು ಮೂರು ಕಲ್ಲು ಒಣಗಿಸಿ ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ ಮತ್ತೆ ತೂಗುತ್ತೇನೆ. ಚಿರೆಕಲ್ಲಿನ ಮಾನದಂಡ ಐಎಸ್ 3620 ಪ್ರಕಾರ ಶೇಕಡಾ 12ಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ಜಾಸ್ತಿ ಕುಡಿದ ಲೋಡು ಪಾಗಾರಕ್ಕೆ (ಕಾಂಪೌಂಡ್ ಗೋಡೆಗೆ) ಹೋಗುತ್ತದೆ.

ಇನ್ನೊಂದು ತಲೆನೋವು, ಗೋಡೆಯ ಕೊನೆಯ ವರಸೆ (ಕಲ್ಲಿನ ಸಾಲು) ಮತ್ತು ಮೇಲಿನ ಬೀಮು ಸೇರುವ ಜಾಗ. ಕೆಳಗಿಂದ ಕಟ್ಟಿಕೊಂಡು ಹೋದ ಗೋಡೆ ಸ್ವಲ್ಪ ಕೂರುತ್ತದೆ, ಬೀಮಿನ ಅಡಿಯಲ್ಲಿ ಕೂದಲೆಳೆ ಬಿರುಕು ಕಾಣುತ್ತದೆ. ಮೊದಲ ಮೂರು ಮನೆಯಲ್ಲೂ ಬಂತು. ಗಿಲಾಯ ಮಾಡಿದರೂ ಬಂತು, ಜಾಳಿ ಹಾಕಿದರೂ ಬಂತು. ಈಗ ಕೊನೆಯ ವರಸೆ ಖಾಲಿ ಬಿಟ್ಟು ಗೋಡೆ ಕೂರಲು ಹದಿನೈದು ದಿನ ಕೊಡುತ್ತೇನೆ, ಆಮೇಲೆ ತುಂಬುತ್ತೇನೆ. ಏನು ತುಂಬುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ಹೋಗಿದೆ ಮಾರಾಯ್ರೇ. ಬಿರುಕು ಬರುವುದು ನಿಂತಿದೆ, ಬೇಕಾದವರು ಬಂದು ನೋಡಿ.

ನಾನು ನೆನೆಸದೇ ಇದ್ದ ಲಾಭವೂ ಕೆಲವು ಸಿಕ್ಕವು. ಏಪ್ರಿಲ್‌ನಲ್ಲಿ ಬಾವಿ ಬತ್ತಿ ಟ್ಯಾಂಕರ್ ನೀರು ತಂದು ಗೋಡೆಗೆ ಹೊಡೆಯುತ್ತಿದ್ದೆವು. ಮಳೆಗಾಲದ ತೇವದಲ್ಲಿ ದಿನಕ್ಕೊಮ್ಮೆ ಹೊಡೆದರೆ ಸಾಕು, ಗಿಲಾಯ ಬಿರಿಯುವುದೂ ಕಡಿಮೆ. ಪಂಚಾಂಗಕ್ಕೆ ತುಂಬಿದ ಮಣ್ಣು ಕೂರಿಸಲು ಮಾಡಿನ ನೀರನ್ನೇ ಪೈಪಿನಲ್ಲಿ ಒಳಗೆ ಬಿಡುತ್ತೇನೆ, ಸ್ವಲ್ಪ ಸ್ವಲ್ಪವಾಗಿ. ಒಂದು ಮಳೆಗಾಲ ಕುಡಿದ ಮಣ್ಣು ಆರೇಳು ಇಂಚು ಇಳಿದಿದ್ದೂ ಇದೆ. ಅಷ್ಟೂ ಆಮೇಲೆ ಟೈಲ್ಸಿನ ಅಡಿಯಲ್ಲಿ ಇಳಿಯಬೇಕಾಗಿದ್ದದ್ದು! ಬಣ್ಣ ಮಾತ್ರ ಮಳೆಗಾಲದಲ್ಲಿ ಆಗುವುದಿಲ್ಲ. ಜನವರಿವರೆಗೆ ಕಾಯಿರಿ. ಗೃಹಪ್ರವೇಶದ ಅವಸರಕ್ಕೆ ಅಕ್ಟೋಬರ್‌ನಲ್ಲಿ ಹೊಡೆಸಿದ ಒಂದು ಮನೆಯ ಬಣ್ಣ ಹಪ್ಪಳದ ಹಾಗೆ ಎದ್ದಿತು.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಅಘನಾಶಿನಿಯ ಚಿಪ್ಪಿ ಸುಣ್ಣಕ್ಕೆ ಬೆಲ್ಲದ ನೀರು ಸೇರಿಸಿ ಒಂದು ಕೋಣೆಗೆ ಗಿಲಾಯ ಮಾಡಿಸಿದೆ. ಗೋಡೆ ಬೆಣ್ಣೆಯಂತೆ ಬಂತು. ಆದರೆ ಒಣಗಲು ಮೂರು ತಿಂಗಳು ತೆಗೆದುಕೊಂಡಿತು, ಅಷ್ಟರಲ್ಲಿ ಊರಿನ ಇರುವೆಯೆಲ್ಲ ಬಂದು ಹೋಯಿತು. ತಾಳ್ಮೆ ಇದ್ದ ಯಜಮಾನ ಸಿಕ್ಕರೆ ಇನ್ನೊಮ್ಮೆ ನೋಡಬೇಕು. ಗೇರೆಣ್ಣೆ ಪ್ರಯೋಗ ಮಾತ್ರ ಗೆದ್ದಿತು. ಗೇರುಬೀಜದ ಸಿಪ್ಪೆಯ ಎಣ್ಣೆ, ದೋಣಿಗೆ ಹಚ್ಚುತ್ತಾರಲ್ಲ, ಅದೇ. ಶಿರಸಿ ಕಡೆಯ ಮನೆಗೆ ಟ್ರಸ್ಸಿನ ಬದಲು ಮತ್ತಿ ಮರದ ಪಕಾಸಿ (ಮಾಡಿನ ಇಳಿಜಾರು ತೊಲೆ) ಹಾಕಿದ್ದೆ, ಎರಡು ಕೈ ಗೇರೆಣ್ಣೆ ಕೊಟ್ಟೆ. ವರಲೆ (ಗೆದ್ದಲು) ಇನ್ನೂ ಹತ್ತಿರ ಬಂದಿಲ್ಲ. ಹಚ್ಚುವಾಗ ಕೈ ಸುಟ್ಟು ಸಿಪ್ಪೆ ಏಳುತ್ತದೆ, ಗ್ಲೌಸು ಬಿಡಬೇಡಿ.

ಜಾಗದ ಬಗ್ಗೆ ಎರಡು ಮಾತು. ಕೆಲಸ ಹಿಡಿಯುವ ಮೊದಲು ಪಹಣಿ ನೋಡುವುದು ನನ್ನ ಚಾಳಿ. ಘಟ್ಟದ ಮೇಲೆ ಪಹಣಿಯಲ್ಲಿ ಬೆಟ್ಟ ಅಂತ ಇದ್ದರೆ ಅದು ಅಡಿಕೆ ತೋಟಕ್ಕೆ ಸೊಪ್ಪು ತರಲು ಕೊಟ್ಟ ಜಾಗ, ಮನೆಗಲ್ಲ. ಕೆಳಗೆ ಗಜನಿ ಗದ್ದೆ. ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಜಾಗಕ್ಕೆ ಮಣ್ಣು ತುಂಬಿಸಿ ಸೈಟು ಅಂತ ತೋರಿಸುತ್ತಾರೆ. ಒಬ್ಬರು ಡಿಸೆಂಬರ್‌ನಲ್ಲಿ ನೋಡಿ ಮುಂಗಡ ಕೊಟ್ಟು ನನ್ನ ಹತ್ತಿರ ಬಂದಿದ್ದರು. ಜುಲೈವರೆಗೆ ತಡೆಯಿರಿ ಅಂದೆ. ಜುಲೈಯಲ್ಲಿ ಅಲ್ಲಿ ಮೊಣಕಾಲು ನೀರು. ಮುಂಗಡ ಹೋಯಿತು, ಮನೆಯ ದುಡ್ಡು ಉಳಿಯಿತು. ಸಮುದ್ರ, ಹೊಳೆ ದಂಡೆಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ಮೊದಲು. ಗುಡ್ಡ ನೆಟ್ಟಗೆ ಕಡಿದು ಸಪಾಟು ಮಾಡಿದ ಜಾಗಕ್ಕೆ ನಾನು ಹೋಗುವುದೇ ಇಲ್ಲ. 2009ರ ಅಕ್ಟೋಬರ್‌ನಲ್ಲಿ ಕಾರವಾರ ಹತ್ತಿರದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದಿದ್ದು, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿದಿದ್ದು ನೋಡಿದ ಮೇಲೂ ಜೆಸಿಬಿ ತರಿಸುವವರಿಗೆ ಏನು ಹೇಳೋಣ? ಇಳಿಜಾರು ಇದ್ದರೆ ಮನೆಯನ್ನೇ ಎರಡು ಮಟ್ಟ ಮಾಡಿ ಕಟ್ಟುತ್ತೇನೆ. ಕಂಬದ ಮನೆಗೆ ಅದು ಸುಲಭ, ಕಂಬದ ಉದ್ದ ಬದಲಿಸಿದರೆ ಆಯಿತು.

ಮಾಳಿಗೆ ಮನೆಗೆ ಈ ಕ್ರಮ ಇನ್ನೂ ಪೂರ್ತಿ ಹೊಂದಿಲ್ಲ. ಇಪ್ಪತ್ತು ಅಡಿ ಎತ್ತರದ ಖಾಲಿ ಕಂಬದ ಮೇಲೆ ಮೇ ತಿಂಗಳಲ್ಲಿ ಹಂಚು ಏರಿಸಲು ನನಗೂ ಧೈರ್ಯ ಇಲ್ಲ. ಈ ಸಲ ಗೋಕರ್ಣದ ಹತ್ತಿರ ಒಂದು ಹಿಡಿದಿದ್ದೇನೆ, ಮಾಳಿಗೆಯ ಸ್ಲ್ಯಾಬನ್ನೂ ಮಾಡನ್ನೂ ಒಟ್ಟಿಗೆ ಮೇ ಒಳಗೆ ಮುಗಿಸುವ ಲೆಕ್ಕ. ಎಂಜಿನಿಯರ್ ಅಡ್ಡ ಬಿಗಿಗೆ ಇನ್ನೂ ಎಂಟು ಕ್ವಿಂಟಲ್ ಕಬ್ಬಿಣ ಕೇಳುತ್ತಿದ್ದಾರೆ. ಯಜಮಾನರು ನಾಲ್ಕು ಅಂತಿದ್ದಾರೆ. ಎಂಟೇ ಹಾಕಿಸುತ್ತೇನೆ.